ಮಸಾಲೆ ಹಚ್ಚದ ಯಾಕಿಟೋರಿಗೆ ರುಚಿ ಎಲ್ಲಿಂದ ಬರುತ್ತೆ?

ಪ್ರಶ್ನೆ: ಟೋಕಿಯೊಗೆ ಹೊರಟಿದ್ದೇವೆ. ಅಲ್ಲಿ ಯಾಕಿಟೋರಿ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಕೋಳಿ, ತಿನ್ನದೆ ಬರಬೇಡಿ ಅಂತಾರೆ. ಆದರೆ ಅದಕ್ಕೆ ಮಸಾಲೆಯೇ ಇಲ್ಲ, ಬರೀ ಉಪ್ಪಂತೆ. ಹಾಗಾದರೆ ರುಚಿ ಹೇಗೆ?

ಉತ್ತರ: ರುಚಿ ಕೆಂಡದ್ದು. ಉಳಿದದ್ದು ಕೋಳಿಯ ಕೊಬ್ಬಿನದು.

ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗ್ಯಾಸ್ ಒಲೆಯಲ್ಲಿ ಸುಟ್ಟರೆ ಆ ಘಮ ಬರಲ್ಲ, ಅಲ್ವಾ? ಗ್ಯಾಸ್ ಉರಿಯುವಾಗ ನೀರಿನ ಆವಿಯೂ ಹುಟ್ಟುತ್ತದೆ. ಇದ್ದಿಲಿನ ಶಾಖ ಒಣ ಶಾಖ. ಅದಕ್ಕೇ ಕೋಳಿಯ ಚರ್ಮ ಬೇಗ ಗರಿಗರಿಯಾಗುತ್ತದೆ, ಒಳಗಿನ ರಸ ಹಾಗೇ ಉಳಿಯುತ್ತದೆ. ಕರಗಿದ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗುತ್ತದೆ. ಆ ಹೊಗೆ ಮೇಲೆದ್ದು ಮಾಂಸಕ್ಕೇ ಅಂಟುತ್ತದೆ. ಅಲ್ಲಿ ಮಸಾಲೆಯ ಕೆಲಸ ಮಾಡುವುದು ಈ ಹೊಗೆಯೇ.

ಒಳ್ಳೆಯ ಅಂಗಡಿಗಳು ಬಳಸುವ ಇದ್ದಿಲಿಗೆ ಬಿಂಚೋತಾನ್ ಎಂದು ಹೆಸರು. ವಕಾಯಾಮಾ ಪ್ರಾಂತ್ಯದ್ದು ಬಹಳ ಪ್ರಸಿದ್ಧ. ಉಬಾಮೆ ಎಂಬ ಓಕ್ ಜಾತಿಯ ಮರವನ್ನು ಗೂಡಿನಲ್ಲಿ ದಿನಗಟ್ಟಲೆ ನಿಧಾನವಾಗಿ ಸುಡುತ್ತಾರೆ. ಕೊನೆಯಲ್ಲಿ ಗಾಳಿ ಬಿಟ್ಟು ಶಾಖವನ್ನು 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುತ್ತಾರೆ. ಕೆಂಪಗಿರುವಾಗಲೇ ಹೊರಗೆಳೆದು, ಬೂದಿ ಬೆರೆಸಿದ ಒದ್ದೆ ಮರಳು ಮುಚ್ಚಿ ಆರಿಸುತ್ತಾರೆ. ಎರಡು ತುಂಡು ತಾಗಿಸಿದರೆ ಲೋಹದ ಹಾಗೆ ಟಣ್ ಎನ್ನುತ್ತದೆ. ಹೊತ್ತಿಸಲು ತುಂಬ ತಾಳ್ಮೆ ಬೇಕು. ಹೊತ್ತಿದರೆ ಗಂಟೆಗಟ್ಟಲೆ ಒಂದೇ ಹದದಲ್ಲಿ ಕಾಯುತ್ತದೆ, ತನ್ನದೇ ಹೊಗೆ ಬಹಳ ಕಡಿಮೆ. ಹಾಗಾಗಿ ಹತ್ತು ಜನ ಕೂರುವ ಪುಟ್ಟ ಅಂಗಡಿಯೊಳಗೂ ಅದನ್ನು ಉರಿಸಬಹುದು.

ಇನ್ನು ಬರೀ ಉಪ್ಪು ಎನ್ನುವುದು ಅರ್ಧ ಮಾತ್ರ ನಿಜ. ಉಪ್ಪಿನದಕ್ಕೆ ಶಿಯೊ ಅಂತಾರೆ. ಇನ್ನೊಂದು ಬಗೆಯ ಹೆಸರು ತಾರೆ: ಸೋಯಾ ಸಾಸ್, ಮಿರಿನ್ ಎಂಬ ಸಿಹಿ ಅಕ್ಕಿಮದ್ಯ, ಸಾಕೆ ಎಂಬ ಅಕ್ಕಿಮದ್ಯ, ಸಕ್ಕರೆ ಸೇರಿಸಿ ಕುದಿಸಿದ ಸಿಹಿ-ಉಪ್ಪಿನ ಸಾಸ್. ಅರ್ಧ ಬೆಂದ ಕಡ್ಡಿಗಳನ್ನು ಅದರ ಮಡಕೆಯಲ್ಲಿ ಅದ್ದಿ ಮತ್ತೆ ಕೆಂಡಕ್ಕೆ ಹಿಡಿಯುತ್ತಾರೆ. ಪ್ರತಿ ಸಲ ಅದ್ದಿದಾಗಲೂ ಕೋಳಿಯ ರಸ ಒಂದಿಷ್ಟು ಮಡಕೆಗೆ ಇಳಿಯುತ್ತದೆ. ಅನೇಕ ಅಂಗಡಿಗಳು ಆ ಮಡಕೆಯನ್ನು ಪೂರ್ತಿ ಖಾಲಿ ಮಾಡುವುದೇ ಇಲ್ಲ. ಹಳೆಯದಕ್ಕೇ ಹೊಸದು ಸೇರಿಸುತ್ತಾ ವರ್ಷಗಟ್ಟಲೆ ಕಾಪಾಡುತ್ತಾರೆ. ಹೆಪ್ಪು ಉಳಿಸಿಕೊಂಡು ಬರುವ ನಮ್ಮ ಮನೆಗಳವರಿಗೆ ಈ ಅಕ್ಕರೆ ಹೊಸದಲ್ಲ.

ಅಂಗಡಿ ಹುಡುಕುವುದು ಕಷ್ಟವಲ್ಲ. ಬಾಗಿಲಲ್ಲಿ ಕೆಂಪು ಕಾಗದದ ಲಾಟೀನು ನೇತಾಡುತ್ತಿದ್ದರೆ ಒಳಗೆ ಇಣುಕಿ. ಟೋಕಿಯೊದ ಶಿಂಜುಕುವಿನ ಒಮೊಯಿದೆ ಯೊಕೊಚೊ ಎಂಬ ಓಣಿಯಲ್ಲಿ ಇಂಥವು ಸಾಲಾಗಿವೆ. ನನ್ನ ಕೇಳಿದರೆ, ಯಾವುದಾದರೂ ಬಡಾವಣೆಯ ಸಣ್ಣ ಅಂಗಡಿಯಲ್ಲಿ ಒಲೆಯೆದುರಿನ ಕುರ್ಚಿಯೇ ಮೇಲು. ಸುಡುವವರು ಬೀಸಣಿಗೆಯಲ್ಲಿ ಗಾಳಿ ಹಾಕುವುದು, ಕಡ್ಡಿ ತಿರುಗಿಸುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ.

ಮೊದಲು ತೊಡೆಯ ಮಾಂಸ, ಅಂದರೆ ಮೊಮೊ, ಶಿಯೊದಲ್ಲಿ ಕೇಳಿ. ಕೆಂಡದ ರುಚಿ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಕೈಮಾ ಉಂಡೆಯ ತ್ಸುಕುನೆಯನ್ನು ತಾರೆಯಲ್ಲಿ. ಖಾರ ಬೇಕೇ ಬೇಕು ಅನ್ನಿಸಿದರೆ ಶಿಚಿಮಿ ಎಂಬ ಪುಡಿ ಸಾಮಾನ್ಯವಾಗಿ ಮೇಜಿನ ಮೇಲೇ ಇರುತ್ತದೆ. ಕೇಳದೆಯೇ ಒಂದು ಪುಟ್ಟ ಬಟ್ಟಲು ತಿನಿಸು ಬಂದರೆ ಗಾಬರಿ ಬೇಡ. ಅದು ಒತೋಶಿ, ಬಿಲ್ಲಿನಲ್ಲಿ ಸೇರುತ್ತದೆ. ಕಡ್ಡಿಯಿಂದ ಮಾಂಸ ಬಿಡಿಸಿಟ್ಟು ಆರಿಸಬೇಡಿ, ಬಿಸಿ ಇರುವಾಗಲೇ ಕಚ್ಚಿ ತಿನ್ನಿ. ಖಾಲಿ ಕಡ್ಡಿ ಹಾಕಲು ಪಕ್ಕದಲ್ಲೇ ಒಂದು ಲೋಟ ಇಟ್ಟಿರುತ್ತಾರೆ.