ನಗರದಲ್ಲಿ ಅಪರಾಧ ಹೆಚ್ಚೇ? ಮೊದಲು ಗಡಿ ನೋಡಿ, ಆಮೇಲೆ ಅಂಕಿ

ಅಪರಾಧದ ವಾರ್ಷಿಕ ಅಂಕಿಅಂಶ ಹೊರಬಿದ್ದ ಕೂಡಲೇ ‘ಅತಿ ಅಪಾಯಕಾರಿ ನಗರಗಳು’ ಎಂಬ ಪಟ್ಟಿಗಳೂ ಹಿಂದೆಯೇ ಬರುತ್ತವೆ. ಅದನ್ನು ಓದಿದವರು ನಗರ ಬಿಟ್ಟು ಪಕ್ಕದ ಊರಿನಲ್ಲಿ ಮನೆ ಹುಡುಕಲು ಹೊರಡುತ್ತಾರೆ. ಪಕ್ಕದ ಊರಿನವರು ನಮಗೇನೂ ಆಗದು ಎಂದು ಹಿಂಬಾಗಿಲಿನ ಚಿಲಕವನ್ನೇ ಮರೆಯುತ್ತಾರೆ. ಎರಡೂ ನಡೆಗೆ ಆಧಾರ ಒಂದೇ ಲೆಕ್ಕ: ವರ್ಷದಲ್ಲಿ ದಾಖಲಾದ ಪ್ರಕರಣಗಳನ್ನು ಅಲ್ಲಿನ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿ, ಒಂದು ಲಕ್ಷದಿಂದ ಗುಣಿಸುವುದು. ಭಾಗಿಸುವ ಆ ಸಂಖ್ಯೆಯಲ್ಲೇ ತಪ್ಪು ನುಸುಳುತ್ತದೆ.

ಲಂಡನ್ನಿನ ನಡುವೆ ಇರುವ ‘ಸಿಟಿ ಆಫ್ ಲಂಡನ್’ ಎಂಬ ಪುಟ್ಟ ಆಡಳಿತ ಪ್ರದೇಶವನ್ನೇ ನೋಡಿ. 2021ರ ಜನಗಣತಿಯಂತೆ ಅಲ್ಲಿನ ನಿವಾಸಿಗಳು ಸುಮಾರು 8,600. ಅಲ್ಲಿ ಕೆಲಸ ಮಾಡುವವರು ಐದು ಲಕ್ಷಕ್ಕೂ ಹೆಚ್ಚು. ಕಚೇರಿಗೆ ಬಂದವರ ಫೋನ್ ಕಳುವಾದರೂ, ಪ್ರವಾಸಿಗರ ಜೇಬಿಗೆ ಕತ್ತರಿ ಬಿದ್ದರೂ ಲೆಕ್ಕ ಹೋಗುವುದು ಆ 8,600 ಜನರ ತಲೆಗೆ. ಹಾಗೆ ಬಂದ ದರ ನೋಡಿದರೆ ಅದು ಕಳ್ಳರ ರಾಜಧಾನಿ ಎನಿಸಬೇಕು. ಅಲ್ಲಿ ಓಡಾಡುವ ಒಬ್ಬೊಬ್ಬರಿಗೆ ಇರುವ ಅಪಾಯ ಅದರಲ್ಲಿ ಕಾಣುವುದೇ ಇಲ್ಲ.

ಗಡಿ ಎಲ್ಲಿ ಎಳೆದಿದೆ ಎಂಬುದು ಇದಕ್ಕಿಂತ ದೊಡ್ಡ ವಿಷಯ. ಅಮೆರಿಕದ ಸೇಂಟ್ ಲೂಯಿಸ್ ನಗರ 1876ರಲ್ಲಿ ತನ್ನ ಕೌಂಟಿಯಿಂದ (ಜಿಲ್ಲೆಯಂಥ ಆಡಳಿತ ಘಟಕ) ಬೇರ್ಪಟ್ಟಿತು. ಅಂದು ಎಳೆದ ಗೆರೆಯೊಳಗೆ ಈಗ ಇರುವುದು ಸುಮಾರು 160 ಚದರ ಕಿ.ಮೀ. ನೆಲ ಮತ್ತು 2020ರ ಗಣತಿಯಂತೆ ಮೂರು ಲಕ್ಷ ಜನ. ಗೆರೆಯಾಚೆಯ ಕೌಂಟಿಯಲ್ಲಿ ಹತ್ತು ಲಕ್ಷ ಜನರಿದ್ದಾರೆ. ಅದೇ ದೇಶದ ಫ್ಲಾರಿಡಾದ ಜಾಕ್ಸನ್‌ವಿಲ್ ನಗರ ಇದಕ್ಕೆ ತದ್ವಿರುದ್ಧ: 1968ರಲ್ಲಿ ಅದು ಡುವಾಲ್ ಕೌಂಟಿಯೊಂದಿಗೆ ವಿಲೀನವಾಯಿತು, ಹಾಗಾಗಿ ಶಾಂತವಾದ ಹೊರವಲಯಗಳೂ ನಗರದ ಲೆಕ್ಕಕ್ಕೇ ಸೇರುತ್ತವೆ. ಒಂದು ಕಡೆ ಹಳೆಯ ಒಳನಗರ ಮಾತ್ರ, ಇನ್ನೊಂದು ಕಡೆ ಒಳನಗರದ ಜೊತೆ ಉಪನಗರಗಳೂ. ಇವೆರಡನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಟ್ಟರೆ ಅದರಿಂದ ತಿಳಿಯುವುದು ಆಡಳಿತದ ಇತಿಹಾಸ, ಜನರ ಸುರಕ್ಷತೆಯಲ್ಲ. ತನ್ನ ಅಂಕಿಗಳಿಂದ ಇಂಥ ಶ್ರೇಯಾಂಕ ಕಟ್ಟಬೇಡಿ ಎಂದು ಅಮೆರಿಕದ ಅಪರಾಧ ಅಂಕಿ ಪ್ರಕಟಿಸುವ ತನಿಖಾ ಸಂಸ್ಥೆ ಎಫ್‌ಬಿಐ ಸಹ ಎಚ್ಚರಿಸುತ್ತಲೇ ಬಂದಿದೆ.

ಹಾಗಾದರೆ ಹೋಲಿಕೆ ಮಾಡುವುದು ಹೇಗೆ? ಮೊದಲು ಪಾಲಿಕೆಯ ಗಡಿ ಬಿಟ್ಟು ಜನರ ಓಡಾಟದ ಗಡಿ ಹಿಡಿಯಬೇಕು. ದುಡಿಯುವವರಲ್ಲಿ ಶೇ 15ರಷ್ಟಾದರೂ ನಗರಕ್ಕೆ ಕೆಲಸಕ್ಕೆ ಹೋಗಿಬರುವ ಊರುಗಳನ್ನು ಆ ನಗರದ ಸಂಚಾರ ವಲಯ ಎಂದು ಗುರುತಿಸುವುದು ಬಹುತೇಕ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಮತ್ತು ಯುರೋಪಿಯನ್ ಒಕ್ಕೂಟದ ಕ್ರಮ. ಅದರೊಳಗೆ ಒಳನಗರ, ಉಪನಗರ, ಅಂಚಿನ ಹಳ್ಳಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಕನಿಷ್ಠ ಸಮಾನರ ನಡುವೆ ಹೋಲಿಕೆ ಆಗುತ್ತದೆ.

ಎರಡನೆಯ ಹೆಜ್ಜೆ, ಅಲ್ಲಿ ನಿಜವಾಗಿ ಇರುವ ಜನರ ಲೆಕ್ಕ. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ನಗರದ ನಿವಾಸಿಗಳು 4 ಲಕ್ಷ, ವರ್ಷಕ್ಕೆ 12,000 ಕಳವು: ಲಕ್ಷಕ್ಕೆ 3,000. ಪಕ್ಕದ ಊರಿನ ನಿವಾಸಿಗಳು 1 ಲಕ್ಷ, ಕಳವು 1,200: ಲಕ್ಷಕ್ಕೆ 1,200. ನಗರದ್ದು ಎರಡೂವರೆ ಪಟ್ಟು. ಈಗ ನಗರಕ್ಕೆ ಹೊರಗಿನಿಂದ 3 ಲಕ್ಷ ಜನ ವಾರಕ್ಕೆ ಐದು ದಿನ, ದಿನಕ್ಕೆ 10 ಗಂಟೆ ಬಂದಿರುತ್ತಾರೆ ಎನ್ನಿ. ಇಲ್ಲಿ ಬಹಳ ಜನ ಎಡವುತ್ತಾರೆ: 3 ಲಕ್ಷವನ್ನು ಹಾಗೇ ಕೂಡಿಸಿ 7 ಲಕ್ಷ ಎಂದುಬಿಡುತ್ತಾರೆ. ವಾರದ 168 ಗಂಟೆಗಳಲ್ಲಿ ಅವರು ಇರುವುದು 50 ಗಂಟೆ ಮಾತ್ರ. 3 ಲಕ್ಷವನ್ನು 50ರಿಂದ ಗುಣಿಸಿ 168ರಿಂದ ಭಾಗಿಸಿದರೆ ಸುಮಾರು 89,000. ಅಂದರೆ ನಗರದಲ್ಲಿ ಸರಾಸರಿ ಇರುವ ಜನ 4.89 ಲಕ್ಷ, ಕಳವಿನ ದರ ಲಕ್ಷಕ್ಕೆ ಸುಮಾರು 2,450. ಪಕ್ಕದ ಊರಿನಿಂದ 40,000 ಜನ ಅಷ್ಟೇ ಹೊತ್ತು ಹೊರಗಿದ್ದರೆ ಅಲ್ಲಿ ಉಳಿಯುವ ಸರಾಸರಿ 88,000, ದರ ಸುಮಾರು 1,360. ಎರಡೂವರೆ ಪಟ್ಟಿನ ಅಂತರ 1.8 ಪಟ್ಟಿಗೆ ಇಳಿಯಿತು. ಅಂತರ ಮಾಯವಾಗಲಿಲ್ಲ, ಆಗಬೇಕಾಗಿಯೂ ಇಲ್ಲ. ನಗರದಲ್ಲಿ ಕಳವು ಹೆಚ್ಚೇ ಇರಬಹುದು, ಆದರೆ ಎಷ್ಟು ಹೆಚ್ಚು ಎಂಬುದು ಮುಖ್ಯ.

ಇನ್ನು ‘ಒಟ್ಟು ಅಪರಾಧ’ ಎಂಬ ಒಂದೇ ಅಂಕಿ. ಅದನ್ನು ಒಡೆಯದೆ ಯಾವ ತೀರ್ಮಾನಕ್ಕೂ ಬರಬಾರದು. ಯಾವ ಅಪರಾಧಕ್ಕೆ ಯಾವುದು ಗುರಿಯೋ ಅದರಿಂದಲೇ ಭಾಗಿಸಬೇಕು ಎಂದು ಸಂಶೋಧಕಿ ಸಾರಾ ಬಾಗ್ಸ್ 1965ರಲ್ಲೇ ವಾದಿಸಿದ್ದರು. ಕನ್ನಗಳವಿಗೆ ಮನೆಗಳ ಸಂಖ್ಯೆ, ವಾಹನ ಕಳವಿಗೆ ನಿಲ್ಲಿಸಿದ ವಾಹನಗಳ ಸಂಖ್ಯೆ. ಮೇಲಿನ ಉದಾಹರಣೆಯಲ್ಲೇ ನಗರದ ಒಂದು ಲಕ್ಷ ಮನೆಗಳಲ್ಲಿ 800 ಕನ್ನಗಳವು ನಡೆದು, ಪಕ್ಕದ ಊರಿನ 25,000 ಮನೆಗಳಲ್ಲಿ 300 ನಡೆದಿದ್ದರೆ ದರ ಸಾವಿರ ಮನೆಗೆ 8 ಮತ್ತು 12. ಕ್ರಮ ತಲೆಕೆಳಗಾಯಿತು. ಇದರಲ್ಲಿ ಅಚ್ಚರಿ ಏನಿಲ್ಲ. ಸಂಶೋಧಕರಾದ ಕೊಹೆನ್ ಮತ್ತು ಫೆಲ್ಸನ್ 1979ರಲ್ಲಿ ಹೇಳಿದಂತೆ ಅಪರಾಧ ನಡೆಯಲು ಮೂರು ಒಂದೆಡೆ ಸೇರಬೇಕು: ಮನಸ್ಸು ಮಾಡಿದವನು, ಕೈಗೆಟಕುವ ವಸ್ತು, ಕಾಯುವವರಿಲ್ಲದ ಹೊತ್ತು. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಟ ಮೇಲೆ ಉಪನಗರದ ಬೀದಿಯಲ್ಲಿ ಮೂರನೆಯದು ತಾನಾಗಿ ಒದಗುತ್ತದೆ. ನಗರದ ಮಧ್ಯದಲ್ಲಿ ಅದೇ ಹೊತ್ತು ಜನಜಂಗುಳಿ; ಅಲ್ಲಿ ಮನೆಗೆ ನುಗ್ಗುವುದು ಕಷ್ಟ, ಜೇಬಿಗೆ ಕೈ ಹಾಕುವುದು ಸುಲಭ.

ಠಾಣೆಗೆ ಬಾರದ ಅಪರಾಧ ಇನ್ನೊಂದು ತೊಡಕು. ವಾಹನ ಕಳುವಾದರೆ ವಿಮೆಯ ಹಣಕ್ಕಾಗಿಯಾದರೂ ದೂರು ಕೊಡುತ್ತಾರೆ. ಕೊಲೆಯನ್ನು ಮುಚ್ಚಿಡುವುದು ಕಷ್ಟ. ಆದ್ದರಿಂದ ಎರಡು ಊರುಗಳನ್ನು ಹೋಲಿಸುವಾಗ ಮೊದಲು ನಂಬಬೇಕಾದವು ಇವೆರಡು ಅಂಕಿಗಳು. ಮನೆಯೊಳಗಿನ ಹಿಂಸೆಯ ವಿಷಯದಲ್ಲಿ ಮಾತ್ರ ಸಣ್ಣ ಊರಿನ ಕಡಿಮೆ ಅಂಕಿಯನ್ನು ನೆಮ್ಮದಿ ಎಂದು ಓದಲೇಬಾರದು. ಎಲ್ಲರಿಗೂ ಎಲ್ಲರೂ ಗೊತ್ತು, ಠಾಣೆಯ ಸಿಬ್ಬಂದಿಯೂ ಪರಿಚಯದವರು, ಹೊರಟುಹೋಗಲು ರಾತ್ರಿ ಬಸ್ಸಿಲ್ಲ, ಆಶ್ರಯ ಕೇಂದ್ರವಿರುವುದು ನಗರದಲ್ಲಿ. ಅಲ್ಲಿ ದೂರು ಕಡಿಮೆಯಿದ್ದರೆ ಹೇಳಿಕೊಳ್ಳಲು ದಾರಿಯಿಲ್ಲ ಎಂದೂ ಅರ್ಥವಾಗಬಹುದು. ಈ ಕೊರತೆ ತುಂಬಲೆಂದೇ ಅಮೆರಿಕದಲ್ಲಿ 1970ರ ದಶಕದಿಂದ, ಬ್ರಿಟನ್ನಿನಲ್ಲಿ 1982ರಿಂದ ಜನರನ್ನೇ ನೇರವಾಗಿ ಕೇಳುವ ಸಂತ್ರಸ್ತರ ಸಮೀಕ್ಷೆ ನಡೆಯುತ್ತಿದೆ. ಆದರೆ ಇಂಥ ಸಮೀಕ್ಷೆಯ ಮಾದರಿ ಒಂದು ಸಣ್ಣ ಊರಿನ ದರ ಹೇಳುವಷ್ಟು ದೊಡ್ಡದಿರುವುದಿಲ್ಲ.

ಸಣ್ಣ ಊರಿನ ದರವನ್ನು ಒಂದೇ ವರ್ಷದಿಂದ ಅಳೆಯುವುದೂ ತಪ್ಪು. 5,000 ಜನರ ಊರಿನಲ್ಲಿ ಒಂದು ಕೊಲೆ ನಡೆದರೆ ದರ ಲಕ್ಷಕ್ಕೆ 20. ಹತ್ತು ಲಕ್ಷ ಜನರ ನಗರದಲ್ಲಿ 50 ಕೊಲೆ ನಡೆದರೂ ದರ 5. ಮರುವರ್ಷ ಊರಿನದು ಸೊನ್ನೆ. ಕನಿಷ್ಠ ಐದು ವರ್ಷಗಳ ಪ್ರಕರಣ ಕೂಡಿಸಿಯೇ ಭಾಗಿಸಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ‘ನಗರ’ ಎಂಬ ಘಟಕ ತೀರಾ ದೊಡ್ಡದು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಬಂದದ್ದು ಶೇ 3ರಷ್ಟು ವಿಳಾಸಗಳಿಂದ ಎಂದು ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಇನ್ನೊಬ್ಬ ಅಪರಾಧಶಾಸ್ತ್ರಜ್ಞ ಡೇವಿಡ್ ವೈಸ್‌ಬರ್ಡ್ ಬೇರೆ ಬೇರೆ ನಗರಗಳ ಬೀದಿಗಳನ್ನು ತುಂಡು ತುಂಡಾಗಿ ಪರಿಶೀಲಿಸಿದಾಗಲೂ ಬಹುತೇಕ ಇದೇ ಚಿತ್ರ. ಹಾಗಾಗಿ ಮನೆ ನೋಡುವವರು ಊರಿನ ದರ ಕೇಳುವ ಬದಲು ಆ ಮನೆಯ ಸುತ್ತಲಿನ 500 ಮೀಟರ್, ನಿಲ್ದಾಣದಿಂದ ಮನೆಗೆ ಬರುವ ದಾರಿ, ತಾವು ಓಡಾಡುವ ಗಂಟೆ ಇವುಗಳ ದಾಖಲೆ ಕೇಳಬೇಕು. ನಕ್ಷೆಯಲ್ಲಿ ಒಂದೇ ಬಿಂದುವಿನ ಮೇಲೆ ನೂರಾರು ಪ್ರಕರಣ ಕಂಡರೆ ಗಾಬರಿ ಬೇಡ, ಮೊದಲು ಅಲ್ಲಿ ಏನಿದೆ ನೋಡಿ. ಸರಿಯಾದ ವಿಳಾಸವಿಲ್ಲದ ಪ್ರಕರಣಗಳನ್ನು ಠಾಣೆಯ ವಿಳಾಸಕ್ಕೋ, ಗಾಯಾಳುವನ್ನು ಸೇರಿಸಿದ ಆಸ್ಪತ್ರೆಯ ವಿಳಾಸಕ್ಕೋ ಅಂಟಿಸುವುದು ಸಾಮಾನ್ಯ.

ಅಪರಾಧ ಕಡಿಮೆ ಎಂದ ಮಾತ್ರಕ್ಕೆ ಜೀವಕ್ಕೆ ಅಪಾಯ ಕಡಿಮೆ ಎಂದಾಗುವುದಿಲ್ಲ. ಅಮೆರಿಕದಲ್ಲಿ 1999ರಿಂದ 2006ರವರೆಗಿನ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಾಯಗಳಿಂದ ಸಾಯುವ ಅಪಾಯ ತೀರಾ ಗ್ರಾಮೀಣ ಕೌಂಟಿಗಳಲ್ಲಿ ನಗರಗಳಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಕಂಡಿತ್ತು. ಕೊಲೆ ನಗರದಲ್ಲಿ ಹೆಚ್ಚು, ಆದರೆ ವಾಹನ ಅಪಘಾತದ ಸಾವು ಗ್ರಾಮೀಣ ಭಾಗದಲ್ಲಿ ಅದನ್ನು ಮೀರಿಸುವಷ್ಟು ಹೆಚ್ಚು. ವೇಗ, ಕತ್ತಲ ರಸ್ತೆ, ದೂರದ ಆಸ್ಪತ್ರೆ. ಊರು ಬದಲಿಸುವವರು ದಿನದ ಪ್ರಯಾಣ 40 ಕಿ.ಮೀ. ಹೆಚ್ಚಾಗುವುದಾದರೆ ಅದನ್ನೂ ಸುರಕ್ಷತೆಯ ಲೆಕ್ಕಕ್ಕೇ ಬರೆಯಬೇಕು.

ನಗರದಲ್ಲಿ ಗಸ್ತು ಬಿಗಿಯಾದರೆ ಕಳ್ಳರು ನಮ್ಮ ಕಡೆ ಬರುತ್ತಾರೆ ಎಂಬ ಭಯ ಪಕ್ಕದ ಊರುಗಳಲ್ಲಿ ಸದಾ ಇರುತ್ತದೆ. ಅಪರಾಧ ದಟ್ಟವಾಗಿರುವ ಜಾಗಗಳಿಗೆ ಗಸ್ತು ಹಾಕಿದ ಪ್ರಯೋಗಗಳ ವಿಮರ್ಶೆಗಳಲ್ಲಿ ಅಪರಾಧ ಪಕ್ಕಕ್ಕೆ ಸರಿದದ್ದಕ್ಕಿಂತ ಪಕ್ಕದ ಬೀದಿಗಳಿಗೂ ಒಳಿತಾದದ್ದೇ ಹೆಚ್ಚು ಕಂಡಿದೆ. ಅದಕ್ಕಿಂತ ಚಿಂತಿಸಬೇಕಾದದ್ದು ಎರಡು ಠಾಣಾ ಸರಹದ್ದುಗಳು ಕೂಡುವ ಪಟ್ಟಿ. ಒಂದೇ ತಂಡ ಗಡಿಯ ಈಚೆ ಮೂರು ಮನೆ, ಆಚೆ ಮೂರು ಮನೆ ಒಡೆದರೆ ಎರಡೂ ಠಾಣೆಗಳಲ್ಲಿ ಅದು ಬಿಡಿ ಬಿಡಿ ಘಟನೆಯಾಗಿಯೇ ಉಳಿಯುತ್ತದೆ. ಗಡಿಯ ಎರಡೂ ಬದಿಯ ಒಂದೊಂದು ಕಿ.ಮೀ. ಪಟ್ಟಿಯ ಪ್ರಕರಣಗಳನ್ನು ವಾರಕ್ಕೊಮ್ಮೆ ಒಂದೇ ನಕ್ಷೆಗೆ ಏರಿಸಬೇಕು. ದಿನಾಂಕ, ಗಂಟೆ, ಒಳನುಗ್ಗಿದ ಬಗೆ, ಒಯ್ದ ವಸ್ತು ಈ ನಾಲ್ಕನ್ನು ಎರಡೂ ಕಡೆ ಒಂದೇ ಸಂಕೇತದಲ್ಲಿ ಬರೆಯಬೇಕು. ಒಂದು ಕಡೆ ‘ಹಿಂಬಾಗಿಲು’ ಎಂದೂ ಇನ್ನೊಂದು ಕಡೆ ‘ಇತರೆ’ ಎಂದೂ ತುಂಬಿದರೆ ಸಾಕು, ಆರು ಮನೆಗಳ ನಂಟು ನಕ್ಷೆಯಲ್ಲಿ ಕಾಣುವುದಿಲ್ಲ.