ಮಗಳ ಶಾಲೆ ಬದಲಾಯಿತು, ನನ್ನ ಅಭಿಪ್ರಾಯ ಯಾಕೆ ಬದಲಾಯಿತು?

ಓದುಗರ ಪ್ರಶ್ನೆ: ಮಕ್ಕಳು ಕನ್ನಡ ಮೀಡಿಯಂನಲ್ಲೇ ಓದಬೇಕು ಅಂತ ವಾದ ಮಾಡುತ್ತಿದ್ದೆ. ಈ ಜೂನ್‌ನಲ್ಲಿ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆ. ಈಗ ‘ಕನ್ನಡದಲ್ಲಿ ಓದಿ ಏನು ಸಿಗುತ್ತದೆ’ ಅಂತ ನಾನೇ ಹೇಳುತ್ತಿದ್ದೇನೆ. ಹಾಗಾದರೆ ಹಿಂದೆ ಹೇಳಿದ್ದೆಲ್ಲ ಸುಳ್ಳಾ? (ಬದಿಯಡ್ಕದಿಂದ)

ಉತ್ತರ: ಖಂಡಿತ ಸುಳ್ಳಲ್ಲ. ನಂಬಿದ್ದು ಒಂದು, ಮಾಡಿದ್ದು ಇನ್ನೊಂದು ಆದಾಗ ಮನಸ್ಸಿನೊಳಗೆ ಕಿರಿಕಿರಿ ಶುರುವಾಗುತ್ತದೆ. ಕಟ್ಟಿದ ಫೀಸು, ಹೊಲಿಸಿದ ಯೂನಿಫಾರ್ಮ್ ವಾಪಸ್ ಕೊಡಲಾಗುವುದಿಲ್ಲ. ಬದಲಿಸಲು ಸುಲಭ ಇರುವುದು ಅಭಿಪ್ರಾಯ. ಮನಸ್ಸು ಅದನ್ನೇ ಬದಲಿಸಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಇದಕ್ಕೆ ‘ಕಾಗ್ನಿಟಿವ್ ಡಿಸೊನೆನ್ಸ್’ ಎಂದು ಹೆಸರಿಟ್ಟರು.

ಅವರೂ ಕಾರ್ಲ್‌ಸ್ಮಿತ್ ಎಂಬವರೂ ಸೇರಿ 1959ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವಿದ್ಯಾರ್ಥಿಗಳಿಗೆ ಒಂದು ಗಂಟೆ ಬೇಜಾರಿನ ಕೆಲಸ. ಅದರಲ್ಲಿ ಅರ್ಧ ಗಂಟೆ ಹಲಗೆಯ ಮೇಲಿನ 48 ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸುವುದು, ಮತ್ತೆ ಮತ್ತೆ ಅದೇ. ಆಮೇಲೆ, ಹೊರಗೆ ಕಾಯುತ್ತಿರುವವರಿಗೆ ‘ಕೆಲಸ ತುಂಬ ಮಜವಾಗಿದೆ’ ಎಂದು ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಕೊನೆಗೆ ನಿಜವಾಗಿ ಹೇಗಿತ್ತು ಅಂತ ಕೇಳಿದಾಗ, ಕೆಲಸ ಚೆನ್ನಾಗಿತ್ತು ಅಂತ ಜಾಸ್ತಿ ಹೇಳಿದವರು 1 ಡಾಲರ್ ಪಡೆದವರು! 20 ಡಾಲರ್‌ನವರಿಗೆ ‘ದುಡ್ಡಿಗಾಗಿ ಹೇಳಿದೆ’ ಎಂಬ ಸಮಾಧಾನ ಇತ್ತು. 1 ಡಾಲರ್‌ನವರಿಗೆ ಆ ನೆಪ ಸಾಲಲಿಲ್ಲ, ಅಭಿಪ್ರಾಯವೇ ಬದಲಾಯಿತು.

ನಿಮಗೂ ಹಾಗೇ ಆಗಿರಬೇಕು. ಹತ್ತಿರದ ಕನ್ನಡ ಶಾಲೆ ಮುಚ್ಚಿಹೋಗಿದ್ದರೆ ‘ಬೇರೆ ಗತಿ ಇರಲಿಲ್ಲ’ ಅಂತ ಸುಮ್ಮನಾಗುತ್ತಿದ್ದಿರಿ, ಹಳೆಯ ಅಭಿಮಾನ ಹಾಗೇ ಉಳಿಯುತ್ತಿತ್ತು. ಯಾರೂ ಬಲವಂತ ಮಾಡದೆ ನೀವೇ ಆರಿಸಿಕೊಂಡದ್ದು ಅಂತಾದರೆ ಕಿರಿಕಿರಿ ಜಾಸ್ತಿ. ಅದರಲ್ಲೂ ನಮ್ಮ ಕಾಸರಗೋಡಿನಲ್ಲಿ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಕನ್ನಡ ಶಾಲೆಯ ಮಾತು ಇಲ್ಲಿ ಬರೀ ಓದಿನ ಮಾತಲ್ಲ, ಅಲ್ವಾ?

ಇಂಗ್ಲಿಷ್ ಮೀಡಿಯಂ ತಪ್ಪು ಅಂತ ನಾನು ಹೇಳುತ್ತಿಲ್ಲ. ಒಂದು ಕೆಲಸ ಮಾಡಿ. ಈಗ ಕೊಡುವ ಕಾರಣಗಳಲ್ಲಿ ಅಡ್ಮಿಷನ್‌ಗೆ ಮೊದಲೇ ಇದ್ದದ್ದು ಯಾವುದು, ಆಮೇಲೆ ಹುಟ್ಟಿದ್ದು ಯಾವುದು ನೋಡಿ. ‘ಬಸ್ಸು ಮನೆ ಹತ್ರವೇ ಬರುತ್ತದೆ’ ಎಂಬುದು ಮೊದಲಿನದಿರಬಹುದು. ‘ಕನ್ನಡದಲ್ಲಿ ಏನೂ ಇಲ್ಲ’ ಎಂಬುದು ನೀವೇ ಹೇಳುವಂತೆ ಆಮೇಲಿನದು. ಅದನ್ನು ಮಗಳ ಎದುರು ಆಡಬೇಡಿ. ಕಿರಿಕಿರಿ ಕಡಿಮೆ ಮಾಡಲು ಇನ್ನೊಂದು ದಾರಿಯೂ ಇದೆ: ಅಭಿಪ್ರಾಯ ಹಾಗೇ ಇಟ್ಟುಕೊಂಡು ನಡವಳಿಕೆಯನ್ನು ಅದರ ಹತ್ತಿರಕ್ಕೆ ತರುವುದು. ದಿನಾ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿಸಿ, ಬರೆಸಿ.