ಕುಟ್ಟೋದು ಬೇರೆ, ಕುಲುಕೋದು ಬೇರೆ

"ಕಾಕಾ, ಈ ಗಾಡಿಗಿ ಛಲೋ ಸಸ್ಪೆನ್ಷನ್ ಹಾಕ್ರಿ. ರೊಕ್ಕದ ವಿಚಾರ ಮಾಡಬ್ಯಾಡ್ರಿ. ಅವ್ವ ಇದರಾಗ ಕೂಡಂಗೇ ಇಲ್ಲ ಅನ್ಲಾಕತ್ಯಾಳ."

ಹೋದ ಬೇಸಿಗೆಯಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ತಮ್ಮ ಎಲೆಕ್ಟ್ರಿಕ್ ಎಸ್‌ಯುವಿಯನ್ನು ನನ್ನ ವರ್ಕ್‌ಶಾಪ್ ಮುಂದೆ ನಿಲ್ಲಿಸಿ ಹೇಳಿದ ಮಾತು ಇದು. ಗಾಡಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಮೆರಿಕದಲ್ಲಿ ಯಾರೋ ತಮ್ಮ ಟೆಸ್ಲಾಕ್ಕೆ ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಸೆಟ್ಟಾಗಿ ಬರೋದು) ಹಾಕಿಸಿದ ವಿಡಿಯೊ ನೋಡಿದ್ದರು. ಅಂಥದ್ದೇ ಬೇಕು, ಇಲ್ಲದಿದ್ದರೆ ಮೆತ್ತನೆಯ ಸ್ಪ್ರಿಂಗ್ ಆದರೂ ಹಾಕಿ ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಗಾಡಿ ಕುಟ್ತದೋ, ಕುಲುಕ್ತದೋ?"

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ "ಎರಡೂ" ಅಂದರು. ಹೆಚ್ಚಿನವರು ಹಾಗೇ ಹೇಳುತ್ತಾರೆ. ಆದರೆ ಇವೆರಡೂ ಬೇರೆ ಬೇರೆ ಕಾಯಿಲೆ. ಒಂದಕ್ಕೆ ಕೊಡೋ ಔಷಧ ಇನ್ನೊಂದನ್ನು ಜಾಸ್ತಿ ಮಾಡುತ್ತದೆ.

ಕುಟ್ಟೋದು ಅಂದರೆ ತಗ್ಗಿನ ಅಂಚು, ಬಣ್ಣ ಹಚ್ಚದ ಹಂಪ್, ಸೇತುವೆಯ ಜಾಯಿಂಟ್. ದಡ್ ಅಂತ ಬಡಿಯುತ್ತದೆ, ಕ್ಷಣದಲ್ಲಿ ಮುಗಿಯುತ್ತದೆ. ಇದನ್ನು ಮೊದಲು ನುಂಗಬೇಕಾದದ್ದು ಟೈರು, ಆಮೇಲೆ ಬುಶ್‌ಗಳು, ಅಂದರೆ ಜೋಡಣೆಗಳಲ್ಲಿ ಕೂಡಿಸಿದ ರಬ್ಬರ್. ಕುಲುಕೋದು ಹಾಗಲ್ಲ. ರಸ್ತೆ ನೋಡೋಕೆ ನುಣ್ಣಗೇ ಇರುತ್ತದೆ, ಆದರೂ ಗಾಡಿ ದೋಣಿಯ ಹಾಗೆ ಏಳುತ್ತದೆ, ಇಳಿಯುತ್ತದೆ. ಇದನ್ನು ಹಿಡಿದು ನಿಲ್ಲಿಸೋದು ಶಾಕಪ್‌ನ, ಅಂದರೆ ಶಾಕ್ ಅಬ್ಸಾರ್ಬರ್‌ನ ಕೆಲಸ.

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಎರಡನೆಯದು ಯಾಕೆ ಜಾಸ್ತಿ ಅಂದರೆ, ಕೆಳಗಿರೋದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಹಂಗೇ ಉದ್ದುದ್ದ ಅಲೆಯಾಗುತ್ತದೆ. ಈಗ ಒಂದು ಸಣ್ಣ ಲೆಕ್ಕ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಅಲೆಯಿಂದ ಅಲೆಗೆ 15 ಮೀಟರ್ ಇದ್ದರೆ ಗಾಡಿಗೆ ಸೆಕೆಂಡಿಗೆ ಒಂದೂವರೆ ಸಲ ತಳ್ಳು ಬೀಳುತ್ತದೆ. ಕಾರಿನ ಬಾಡಿ ತನ್ನ ಸ್ಪ್ರಿಂಗ್ ಮೇಲೆ ತಾನಾಗಿ ತೂಗೋದೂ ಹೆಚ್ಚುಕಡಿಮೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಸರಿಯಾದ ಹೊತ್ತಿಗೆ ಒಂದು ಬೆರಳಿಂದ ತಳ್ಳಿದರೂ ಜೋಕಾಲಿ ಮೇಲೆ ಮೇಲೆ ಹೋಗುತ್ತದಲ್ವಾ? ಅದೇ ಆಗೋದು ಇಲ್ಲಿ. ಸ್ಪ್ರಿಂಗ್ ಪೆಟ್ಟನ್ನು ಹಿಡಿದಿಟ್ಟುಕೊಂಡು ವಾಪಸ್ ಕೊಡುತ್ತದೆ, ಅಷ್ಟೇ. ಅದನ್ನು ತಿಂದು ಹಾಕೋದು ಶಾಕಪ್‌ನೊಳಗಿನ ಎಣ್ಣೆ. ಶಾಕಪ್ ಸೋತ ಗಾಡಿಗೆ ಮೆತ್ತನೆ ಸ್ಪ್ರಿಂಗ್ ಹಾಕಿದರೆ ಜೋಕಾಲಿಗೆ ಹಗ್ಗ ಉದ್ದ ಮಾಡಿಕೊಟ್ಟಂತೆ.

(ನಮ್ಮೂರ ಟಾಂಗಾಕ್ಕೆ ಶಾಕಪ್ ಎಲ್ಲಿದೆ ಅಂತ ಒಬ್ಬ ಹುಡುಗ ಕೇಳಿದ್ದ. ಅದರ ಸ್ಪ್ರಿಂಗಿನ ಉಕ್ಕಿನ ಪಾಟಾಗಳು ಒಂದಕ್ಕೊಂದು ಉಜ್ಜುತ್ತವೆ ನೋಡಿ, ಆ ಉಜ್ಜಾಟವೇ ಅದರ ಶಾಕಪ್.)

ಇನ್ನು ಎಲೆಕ್ಟ್ರಿಕ್ ಗಾಡಿಯ ವಿಷಯ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿ ಖಾಲಿ ತೂಕವೇ 1400 ಕಿಲೋ. ಬ್ಯಾಟರಿಯಿಂದಾಗಿ ಇವಿಗಳು ತಮ್ಮ ಪೆಟ್ರೋಲ್ ಜೋಡಿಗಿಂತ ಭಾರ. ಭಾರದ ಗಾಡಿ ನಿಜವಾಗಿ ಆರಾಮಾಗಿ ಓಡಬೇಕು. ಖಾಲಿ ಲಾರಿ ಹಾರಾಡುತ್ತದೆ, ಕಬ್ಬು ತುಂಬಿದ ಲಾರಿ ಸುಮ್ನೆ ಕೂತು ಹೋಗುತ್ತದೆ. ಆದರೆ ಆ ತೂಕ ಹೊರೋಕೆ ಕಂಪನಿಯವರು ಸ್ಪ್ರಿಂಗ್ ಬಿರುಸು ಮಾಡಿರುತ್ತಾರೆ. ನೆಲಕ್ಕೆ ಬ್ಯಾಟರಿ ತಾಗಬಾರದು ಅಂತ ಚಕ್ರದ ಏರಿಳಿತಕ್ಕೆ ಹಿಡಿತ ಇಟ್ಟಿರುತ್ತಾರೆ. ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಜಾಸ್ತಿ ಸಿಗಲಿ ಅಂತ ಟೈರಿಗೆ ಗಾಳಿ ಜಾಸ್ತಿ. ಟೆಸ್ಲಾ ಮಾಡೆಲ್ 3ರಲ್ಲಿ ಕಂಪನಿಯೇ 42 ಪಿಎಸ್‌ಐ ಅಂತ ಹೇಳಿತ್ತು. ಇದೆಲ್ಲದರ ಮೇಲೆ ಇಂಜಿನ್ ಸದ್ದು ಬೇರೆ ಇಲ್ಲ. ಡೀಸೆಲ್ ಗಾಡಿಯಲ್ಲಿ ಯಾರ ಕಿವಿಗೂ ಬೀಳದ ಸಸ್ಪೆನ್ಷನ್ ಲಿಂಕ್ ರಾಡ್‌ನ ಕಟಕಟ ಇವಿಯಲ್ಲಿ ಹಿಂದಿನ ಸೀಟಿನ ಅವ್ವನಿಗೂ ಕೇಳುತ್ತದೆ.

ಸರಿ, ಗಾಡಿಗೆ ಬರೋಣ. ಮೊದಲು ಕಣ್ಣಿಗೆ ಬಿದ್ದದ್ದು ಅಲಾಯ್ ಚಕ್ರ. ಕಂಪನಿ ಕೊಟ್ಟ ಟೈರು 215/60 ಆರ್16, ಅಂದರೆ ಅಗಲ 215 ಮಿ.ಮೀ., ಗೋಡೆ ಅದರ ನೂರಕ್ಕೆ 60, ಚಕ್ರ 16 ಇಂಚು. ಇವರು ಹಾಕಿಸಿದ್ದು 225/45 ಆರ್18. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಂಗಡಿಯವರು "ಏನೂ ಆಗಲ್ಲ" ಅಂದಿರಬೇಕು. ಆದರೆ ಟೈರಿನ ಗೋಡೆ ನೋಡಿ. ಮೊದಲು 129 ಮಿ.ಮೀ. ಇತ್ತು, ಈಗ 101. ಒಂದು ಇಂಚಿಗಿಂತ ಜಾಸ್ತಿ ರಬ್ಬರ್ ಮತ್ತು ಗಾಳಿ ಹೋಗಿ ಅಲ್ಲಿ ಲೋಹ ಬಂತು. ಟೈರಿನ ಮೇಲಿನ ಲೋಡ್ ನಂಬರೂ 95ರಿಂದ 91ಕ್ಕೆ ಇಳಿದಿತ್ತು. ಅಂದರೆ ಒಂದು ಟೈರು ಹೊರೋದು 690 ಕಿಲೋ ಇದ್ದದ್ದು 615 ಆಯಿತು. ಭಾರದ ಗಾಡಿಗೆ ಈ ನಂಬರ್ ಇಳಿಸಲೇಬಾರದು. ಯಾರೂ ನೋಡೋದಿಲ್ಲ, ಎಲ್ಲರೂ ಡಿಸೈನ್ ನೋಡುತ್ತಾರೆ.

ಗಾಳಿ ಎಷ್ಟಿದೆ ನೋಡಿದೆ. ಬಾಗಿಲ ಸ್ಟಿಕರ್‌ನಲ್ಲಿ ಕಂಪನಿ ಹೇಳಿದ್ದಕ್ಕಿಂತ ಹತ್ತು ಪಿಎಸ್‌ಐ ಜಾಸ್ತಿ. ಮಧ್ಯಾಹ್ನದ ಬಿಸಿಲಲ್ಲಿ ಓಡಿ ಬಂದ ಟೈರು, ಅದನ್ನೂ ಲೆಕ್ಕಕ್ಕೆ ತಗೋಬೇಕು. ಹತ್ತು ಡಿಗ್ರಿ ಶಾಖಕ್ಕೆ ಒಂದೂವರೆ ಪಿಎಸ್‌ಐ ಏರುತ್ತದೆ. ಗಾಡಿ ಬಿಟ್ಟು ಹೋಗಿ ಅಂದೆ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ನೋಡಿದರೂ ಜಾಸ್ತಿಯೇ ಇತ್ತು.

ಎರಡನೆಯದು ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕಿದ ರಬ್ಬರ್ ಬಫರ್. ಯಾಕೆ ಹಾಕಿಸಿದಿರಿ ಅಂದರೆ, ಹಿಂದೆ ಗಾಡಿ ಕೂತುಬಿಡುತ್ತಿತ್ತಂತೆ. ಡಿಕ್ಕಿಯಲ್ಲಿ ಏನು ಒಯ್ಯುತ್ತೀರಿ ಅಂತ ಕೇಳಿದಾಗ ನಿಜ ಹೊರಬಂತು. ಒಣದ್ರಾಕ್ಷಿ ಬಾಕ್ಸು, ಒಂದೂವರೆ ಕ್ವಿಂಟಲ್. ಮೇಲೆ ಐದು ಜನ. ಬಫರ್ ಹಾಕಿದರೆ ಗಾಡಿ ಎತ್ತರ ಕಾಣುತ್ತದೆ, ಯಾಕೆಂದರೆ ಆ ಎರಡು ಸುತ್ತು ಕೆಲಸವನ್ನೇ ಮಾಡೋದಿಲ್ಲ. ಉಳಿದ ಸುತ್ತುಗಳ ಮೇಲೆ ಎಲ್ಲ ಹೊರೆ, ಸ್ಪ್ರಿಂಗ್ ಬಿರುಸು. ನನ್ನ ಕೇಳಿದರೆ, ಇವಿಗೆ ಆಗಲಿ, ಪೆಟ್ರೋಲ್ ಗಾಡಿಗೆ ಆಗಲಿ, ಈ ಬಫರ್ ಹತ್ತಿರ ಹೋಗಬೇಡಿ.

ಬಫರ್ ತೆಗೆದೆ. ಮನೆಯಲ್ಲಿ ಎತ್ತಿಟ್ಟಿದ್ದ ಹಳೇ 16 ಇಂಚಿನ ಚಕ್ರ ತರಿಸಿ ಹಾಕಿದೆ. ಗಾಳಿ ಸ್ಟಿಕರ್‌ನಲ್ಲಿ ಇದ್ದಷ್ಟು. ಅಲ್ಲಿಗೆ ಕುಟ್ಟೋದು ಮುಕ್ಕಾಲು ಭಾಗ ಹೋಯಿತು. ರೊಕ್ಕ ಅಂತ ಹೇಳುವಷ್ಟು ಏನೂ ಖರ್ಚಾಗಿರಲಿಲ್ಲ.

ಕುಲುಕೋದು ಉಳಿದಿತ್ತು. ಹಿಂದಿನ ಶಾಕಪ್‌ನ ಧೂಳಿನ ಟೋಪಿ ಎತ್ತಿ, ರಾಡ್‌ಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿದೆ. ಬಾಕ್ಸು, ಜನ ಎಲ್ಲ ತುಂಬಿಕೊಂಡು ಕೊಲ್ಹಾರ ಸೇತುವೆವರೆಗೆ ಹೋಗಿ ಬನ್ನಿ ಅಂದೆ. ವಾಪಸ್ ಬಂದಾಗ ಜಿಪ್ ಟೈ ಬಂಪ್ ಸ್ಟಾಪ್‌ನೊಳಗೆ (ರಾಡ್‌ನ ಕೊನೆಯಲ್ಲಿ ಪೆಟ್ಟು ತಡೆಯೋ ರಬ್ಬರ್) ಹೋಗಿ ಚಪ್ಪಟೆಯಾಗಿತ್ತು. ಅಂದರೆ ಶಾಕಪ್ ತಡೆಯದೆ ಸಸ್ಪೆನ್ಷನ್ ಕೊನೆ ಮುಟ್ಟಿ ಬಡಿಯುತ್ತಿತ್ತು. ಬಿಚ್ಚಿ ಕೈಯಲ್ಲಿ ಒತ್ತಿದೆ. ಒಳ್ಳೆಯ ಶಾಕಪ್ ಒತ್ತುವಾಗಲೂ ಎಳೆಯುವಾಗಲೂ ಎಲ್ಲೂ ಬಿಡದೆ ತಡೆಯುತ್ತ ಹೋಗಬೇಕು. ಇದು ದಿಕ್ಕು ಬದಲಾಗುವಾಗ ಅರ್ಧ ಇಂಚು ಖಾಲಿ ಓಡಿ ಆಮೇಲೆ ಹಿಡಿಯುತ್ತಿತ್ತು. ಸೀಲ್ ಸುತ್ತ ಎಣ್ಣೆಗೆ ಎರೆ ಮಣ್ಣು ಅಂಟಿ ಕರೀ ಬಳೆ ಕಟ್ಟಿತ್ತು.

ಹೊಸದು ಹಾಕುವಾಗ ಒಂದು ಮಾತು. ಅದೇ ಮಾಡೆಲ್‌ನ ಪೆಟ್ರೋಲ್ ಗಾಡಿಯ ಶಾಕಪ್ ಕಡಿಮೆಗೆ ಸಿಗುತ್ತದೆ, ಬೋಲ್ಟೂ ಕೂಡಬಹುದು. ಬೇಡ. ಒಳಗಿನ ವಾಲ್ವ್ ಹಗುರ ಗಾಡಿಗೆ ಅಂತ ಮಾಡಿದ್ದು. ಇವಿ ಪಾರ್ಟ್ ನಂಬರ್ ನೋಡಿಯೇ ತರಿಸಿ. ಡಬ್ಬಿಯಲ್ಲಿ ಅಡ್ಡ ಮಲಗಿ ಬಂದದ್ದನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಒತ್ತಿ ಎಳೆಯಿರಿ, ಒಳ ಕೊಳವೆಗೆ ಸೇರಿದ ಗಾಳಿ ಹೊರಗೆ ಬರಲಿ. ಇದನ್ನು ಮಾಡದೆ ಹಾಕಿ, ಹೊಸ ಶಾಕಪ್ಪೇ ಸರಿ ಇಲ್ಲ ಅಂತ ಬೈಯೋರನ್ನು ನೋಡಿದ್ದೇನೆ.

ಈಗ ಹೇಳೋದು ಎಷ್ಟೋ ಗ್ಯಾರೇಜಿನಲ್ಲಿ ತಪ್ಪುವ ಕೆಲಸ. ಬುಶ್ ಅಂದರೆ ಎರಡು ಲೋಹದ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಲಿಫ್ಟ್ ಮೇಲೆ ಗಾಡಿ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಚಕ್ರ ಜೋತುಬಿದ್ದ ಸ್ಥಿತಿಯಲ್ಲೇ ರಬ್ಬರ್ ಹಿಡಿದುಕೊಳ್ಳುತ್ತದೆ. ಗಾಡಿ ಕೆಳಗೆ ಇಳಿದ ಮೇಲೆ ಅದು ಇಡೀ ಹೊತ್ತು ತಿರುಚಿಕೊಂಡೇ ಇರುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೂ ಗಾಡಿ ಬಿರುಸು. ರಬ್ಬರ್ ಬೇಗ ಹರಿಯುತ್ತದೆ. ಈ ಗಾಡಿಯ ಮುಂದಿನ ಲೋವರ್ ಆರ್ಮ್ (ಚಕ್ರ ಹಿಡಿಯೋ ಕೆಳಗಿನ ತೋಳು) ಬುಶ್ ಹಾಗೇ ಹರಿದಿತ್ತು, ಹಿಂದೆ ಎಲ್ಲೋ ಬಿಚ್ಚಿ ಹಾಕಿಸಿದ್ದರಂತೆ. ಬೋಲ್ಟ್ ಕೈಯಲ್ಲಿ ಕೂಡಿಸಿ, ಚಕ್ರದ ಮೇಲೆ ಗಾಡಿಯ ತೂಕ ಬಿದ್ದ ಮೇಲೆಯೇ ಪೂರ್ತಿ ಬಿಗಿಯಬೇಕು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಬೆನ್ನು ಬಗ್ಗಿಸಬೇಕು. ಅದಕ್ಕೇ ಯಾರೂ ಮಾಡೋದಿಲ್ಲ.

ಮೇಸ್ತ್ರಿಗಳೂ ಓದುತ್ತಿದ್ದರೆ ಅವರಿಗೊಂದು ಮಾತು: ಜಾಕ್ ಇಡೋದು ಕಂಪನಿ ತೋರಿಸಿದ ಜಾಗದಲ್ಲಿ ಮಾತ್ರ, ಬ್ಯಾಟರಿ ತಳಕ್ಕೆ ಎಂದೂ ಬೇಡ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್‌ಗೆ ಕೈ ಹಚ್ಚಬೇಡಿ.

ವಿಡಿಯೊದ ಕಾಯಿಲ್‌ಓವರ್ ವಿಷಯಕ್ಕೆ ಬಂದರೆ, ಅಲ್ಲಿಯ ದೂರು ಸುಳ್ಳಲ್ಲ. ಮಾಡೆಲ್ 3 ಬಿರುಸು ಅಂತ ಜನ ಹೇಳುತ್ತಲೇ ಇದ್ದರು. 2023ರಲ್ಲಿ ಅದರ ಹೊಸ ರೂಪ ಬಂದಾಗ ಕಂಪನಿಯೇ ಶಾಕಪ್ ಬದಲಾಯಿಸಿತು. ಪೆಟ್ಟಿನ ವೇಗ ನೋಡಿ ನಡೆಯುವ ಶಾಕಪ್ ಅದು. ತಗ್ಗಿನ ಅಂಚಿನಂಥ ಚುರುಕು ಪೆಟ್ಟಿಗೆ ಎಣ್ಣೆಗೆ ಇನ್ನೊಂದು ದಾರಿ ತೆರೆದೇ ಇರುತ್ತದೆ, ಗಾಡಿ ನಿಧಾನ ತೂಗಿದಾಗ ಒತ್ತಡ ಕಟ್ಟಿಕೊಂಡು ಆ ದಾರಿ ಮುಚ್ಚುತ್ತದೆ. ಕುಟ್ಟೋದಕ್ಕೂ ಕುಲುಕೋದಕ್ಕೂ ಒಂದೇ ಔಷಧ ಬೇಕಿದ್ದರೆ ಇದೇ. ನಿಮ್ಮ ಗಾಡಿಗೆ ಅಂತಲೇ ಮಾಡಿದ ಸೆಟ್ ಸಿಕ್ಕರೆ ದುಡ್ಡು ಹಾಕಿ, ನಾನು ಬೇಡ ಅನ್ನೋದಿಲ್ಲ. ಎತ್ತರ ಏರಿಸಿ ಇಳಿಸುವ ಕಾಯಿಲ್‌ಓವರ್‌ಗೆ ಮಾತ್ರ ಬೇಡ ಅನ್ನುತ್ತೇನೆ. ಇಳಿಸಿದರೆ ಏರಿಳಿತ ಇನ್ನೂ ಕಡಿಮೆ. ವಾರಂಟಿಗೂ ತೊಂದರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ, ಆರ್‌ಸಿಯಲ್ಲಿರೋ ವಿವರ ಕಂಪನಿ ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವುದನ್ನು ಅದು ಒಪ್ಪೋದಿಲ್ಲ.

ಎಲ್ಲ ಮುಗಿಸಿ ಅಲೈನ್‌ಮೆಂಟ್ ಮಾಡಿ ಕಳಿಸಿದೆ. ನಾಲ್ಕು ದಿನಕ್ಕೆ ಫೋನ್ ಬಂತು.

"ಗಾಡಿ ಛಲೋ ಆಗ್ಯಾದ ಕಾಕಾ. ಆದರ ಅವ್ವಗ ಇನ್ನೂ ಹೊಟ್ಟಿ ತೊಳಸ್ತದ."

ನಾನೇ ಪಕ್ಕದಲ್ಲಿ ಕೂತು ಅಥಣಿ ರಸ್ತೆಯಲ್ಲಿ ಒಂದು ಸುತ್ತು ಹೋದೆ. ಸಸ್ಪೆನ್ಷನ್‌ದು ತಪ್ಪಿರಲಿಲ್ಲ. ರೀಜೆನ್, ಅಂದರೆ ಕಾಲು ತೆಗೆದಾಗ ಮೋಟರೇ ಗಾಡಿ ತಡೆದು ಬ್ಯಾಟರಿ ತುಂಬೋ ವ್ಯವಸ್ಥೆ, ಪೂರ್ತಿ ಮೇಲಿತ್ತು. ಇವರು ಪೆಡಲ್‌ನಿಂದ ಕಾಲು ತೆಗೆದಾಗಲೆಲ್ಲ ಗಾಡಿ ಮೂಗು ಬಗ್ಗಿಸುತ್ತಿತ್ತು, ಒತ್ತಿದಾಗ ಎತ್ತುತ್ತಿತ್ತು. ಹಿಂದೆ ಕೂತವರ ತಲೆ ಒಂದೇ ಸಮ ಹೂಂ ಹೂಂ ಅನ್ನುವ ಹಾಗೆ ಆಡುತ್ತಿತ್ತು. ಒಂದು ಮೆಟ್ಟಿಲಿಗೆ ಇಳಿಸಿ, ಕಾಲು ನಿಧಾನ ಎತ್ತೋದನ್ನು ತೋರಿಸಿದೆ.

"ರೇಂಜ್ ಕಡಿಮಿ ಆಗಂಗಿಲ್ಲೇನ್ರಿ?"

ಸ್ವಲ್ಪ ಆದೀತು, ಗಾಳಿ ಇಳಿಸಿದ್ದಕ್ಕೂ ಸ್ವಲ್ಪ ಆದೀತು ಅಂದೆ. ಅವರು ಲೆಕ್ಕ ಹಾಕುತ್ತ ಕೂತರು. ಹಿಂದಿನ ಸೀಟಿನಿಂದ ಅವ್ವನೇ ಅಂದರು, "ಏ, ಬಾಕ್ಸ್ ಟೆಂಪೋದಾಗ ಕಳಸೋ."